ನಿಂತ ನಾಯಿ, ಅಡಗಿದ ಹಕ್ಕಿ

ಕೌಜುಗ, ಲಾವಕ್ಕಿ, ಗ್ರೌಸ್‌ನಂಥ ನೆಲದ ಹಕ್ಕಿಗಳು ಅಪಾಯ ಕಂಡ ಕೂಡಲೇ ಹಾರುವುದಿಲ್ಲ, ಅಡಗುತ್ತವೆ. ಒಣಹುಲ್ಲಿನ ಬಣ್ಣದ ಮೈಯನ್ನು ನೆಲಕ್ಕೆ ಒತ್ತಿಕೊಂಡು, ಕತ್ತು ಒಳಗೆಳೆದುಕೊಂಡು, ಶತ್ರು ತೀರ ಹತ್ತಿರ ಬರುವವರೆಗೂ ಮಿಸುಕದೆ ಕೂರುತ್ತವೆ. ಇನ್ನು ಉಳಿಗಾಲವಿಲ್ಲ ಎನ್ನಿಸಿದಾಗ ಕಾಲಬುಡದಿಂದಲೇ ರೆಕ್ಕೆ ಬಡಿದು ಚಿಮ್ಮುತ್ತವೆ. ಕಣ್ಣನ್ನು ನೆಚ್ಚಿಕೊಂಡ ಮನುಷ್ಯನಿಗೆ ಇಂಥ ಹಕ್ಕಿ ಸಿಗುವುದು ಕಷ್ಟ. ಮೂಗನ್ನು ನೆಚ್ಚಿಕೊಂಡ ನಾಯಿಗೆ ಸುಲಭ, ಆದರೆ ಸಾಮಾನ್ಯ ನಾಯಿ ನೇರ ಮೇಲೆ ಬಿದ್ದು ಎಲ್ಲವನ್ನೂ ಎಬ್ಬಿಸಿಬಿಡುತ್ತದೆ. ಕೆಲವು ತಳಿಗಳು ಮಾತ್ರ ಹಾಗೆ ಮಾಡುವುದಿಲ್ಲ. ಹಕ್ಕಿಯ ವಾಸನೆ ಮೂಗಿಗೆ ಬಡಿದ ಗಳಿಗೆಯಲ್ಲೇ, ಓಡುತ್ತಿದ್ದ ನಾಯಿ ಎತ್ತಿದ ಕಾಲನ್ನು ಇಳಿಸದೆ, ಬಾಲ ಬಿಗಿದು, ಮೂತಿಯನ್ನು ವಾಸನೆ ಬಂದ ಕಡೆಗೆ ನೆಟ್ಟು ನಿಂತುಬಿಡುತ್ತದೆ. ನಾಯಿ ನಿಂತಿರುವವರೆಗೆ ಹಕ್ಕಿ ಕೂತಿರುತ್ತದೆ, ಹಕ್ಕಿ ಕೂತಿರುವವರೆಗೆ ನಾಯಿ ನಿಂತಿರುತ್ತದೆ. ಯುರೋಪಿನ ಹಕ್ಕಿಬೇಟೆಯ ಆರು ಶತಮಾನಗಳ ಚರಿತ್ರೆಯೆಲ್ಲ ಈ ಎರಡು ನಿಶ್ಚಲತೆಗಳ ನಡುವಿನ ಬಿಡುವಿನಲ್ಲಿ ನಡೆದದ್ದು. ಆ ಬಿಡುವಿನಲ್ಲಿ ಬೇಟೆಗಾರ ಕೈಗೆತ್ತಿಕೊಂಡ ಸಾಧನ ಬದಲಾದಾಗಲೆಲ್ಲ ಎಳೆಯ ನಾಯಿ ಕಲಿಯಬೇಕಾದ ಪಾಠವೂ ಬದಲಾಯಿತು.

ನಿಲ್ಲುವುದನ್ನು ಯಾರೂ ಕಲಿಸಬೇಕಾಗಿಲ್ಲ. ಯೌವನದಲ್ಲಿ ಹಕ್ಕಿಬೇಟೆಯ ಹುಚ್ಚು ಹತ್ತಿಸಿಕೊಂಡಿದ್ದ ಚಾರ್ಲ್ಸ್ ಡಾರ್ವಿನ್ 1859ರ ತನ್ನ ಪ್ರಸಿದ್ಧ ಗ್ರಂಥದಲ್ಲಿ ಹುಟ್ಟರಿವಿನ ಬಗ್ಗೆ ಬರೆಯುವಾಗ ಪಾಯಿಂಟರ್ ನಾಯಿಯನ್ನೇ ಉದಾಹರಣೆಯಾಗಿ ಎತ್ತಿಕೊಂಡ. ಮೊದಲ ಸಲ ಬಯಲಿಗೆ ಕರೆದೊಯ್ದ ಎಳೆಯ ಪಾಯಿಂಟರ್ ಕೂಡ ಕೆಲವೊಮ್ಮೆ ತಾನಾಗಿ ನಿಲ್ಲುತ್ತದೆ. ಅಷ್ಟೇ ಅಲ್ಲ, ಇನ್ನೊಂದು ನಾಯಿ ನಿಂತದ್ದನ್ನು ಕಂಡು ತಾನೂ ನಿಲ್ಲುತ್ತದೆ. ಬೇಟೆಪ್ರಾಣಿ ನೆಗೆಯುವ ಮುಂಚೆ ಒಂದು ಕ್ಷಣ ತಡೆದು ನಿಲ್ಲುತ್ತದಲ್ಲ, ಆ ಕ್ಷಣವನ್ನೇ ಮನುಷ್ಯ ತಲೆಮಾರುಗಳ ಆಯ್ಕೆಯಿಂದ ಹಿಗ್ಗಿಸಿದ್ದಾನೆ ಎಂಬುದು ಡಾರ್ವಿನ್ ಒಪ್ಪಿದ ವಿವರಣೆ. ಹಾಗಾಗಿ ಮರಿಯ ರಕ್ತದಲ್ಲಿ ಇರುವುದು ನಿಲುಗಡೆ ಮಾತ್ರ. ಎಷ್ಟು ಹೊತ್ತು ನಿಲ್ಲಬೇಕು, ಹಕ್ಕಿ ಹಾರಿದಾಗ ಏನು ಮಾಡಬೇಕು, ಕೋವಿಯ ಸದ್ದಿಗೆ ಹೇಗೆ ನಡೆದುಕೊಳ್ಳಬೇಕು ಎಂಬುದೆಲ್ಲ ಕಲಿಕೆಯ ಮಾತು. ಬೆಕ್ಕು ಇಲಿಯ ಮುಂದೆ ಹೊಂಚುವ ಹಾಗೆ ಹೊಂಚಿದ ನಾಯಿಗೆ ನೆಗೆಯಬೇಡ ಎಂದು ಒಪ್ಪಿಸುವುದು ಸಣ್ಣ ಕೆಲಸವಲ್ಲ.

ಮೊದಲ ಖಚಿತ ದಾಖಲೆಗಳಲ್ಲಿ ಈ ನಾಯಿ ಡೇಗೆಯ ಜೊತೆಗಾರ. ಪಿರೆನೀಸ್ ತಪ್ಪಲಿನ ಫ್ವಾ ಸೀಮೆಯ ಒಡೆಯ ಗಸ್ತೋಂ ಫೆಬೂಸ್ 1387ರಿಂದ 1389ರ ನಡುವೆ ಬರೆಸಿದ ಬೇಟೆಯ ಗ್ರಂಥದಲ್ಲಿ ‘ಹಕ್ಕಿ ನಾಯಿ’ಗಳಿಗೆ ಪ್ರತ್ಯೇಕ ಅಧ್ಯಾಯವಿದೆ. ಇವು ಸ್ಪೇನಿನ ಕಡೆಯಿಂದ ಬಂದವು, ಒಡೆಯನನ್ನು ಬಿಟ್ಟಿರಲಾರವು, ಬಾಲ ಅಲ್ಲಾಡಿಸುತ್ತ ಮುಂದೆ ಮುಂದೆ ಹುಡುಕುತ್ತ ಹೋಗುತ್ತವೆ ಎನ್ನುತ್ತಾನೆ. ಕೌಜುಗ ಮತ್ತು ಲಾವಕ್ಕಿಯನ್ನು ಎಬ್ಬಿಸಿ ಡೇಗೆಗೆ ಒಪ್ಪಿಸುವುದು ಇವುಗಳ ಮುಖ್ಯ ಕೆಲಸ. ನೆಲಕ್ಕೆ ಮಲಗುವುದನ್ನು ಕಲಿಸಿದರೆ ಬಲೆಯಿಂದ ಹಕ್ಕಿ ಹಿಡಿಯಲೂ ಒದಗುತ್ತವೆ. ಆದರೆ ಫೆಬೂಸ್‌ಗೆ ಇವುಗಳ ಮೇಲೆ ಅಂಥ ಪ್ರೀತಿಯೇನೂ ಇರಲಿಲ್ಲ. ಜಿಂಕೆ, ಕಾಡುಹಂದಿಗಳ ಹಿಂದೆ ದೊಡ್ಡ ನಾಯಿಪಡೆ ಬಿಡುತ್ತಿದ್ದ ಆ ದೊರೆಗೆ ಇವು ಜಗಳಗಂಟಿಗಳು, ಸುಮ್ಮಸುಮ್ಮನೆ ಬೊಗಳುವ ಜಾತಿ. ಡೇಗೆ ಅಥವಾ ಬಲೆ ಇಲ್ಲದಿದ್ದರೆ ತಾನಂತೂ ಸಾಕುವುದಿಲ್ಲ ಎಂಬ ಧಾಟಿಯಲ್ಲಿ ಬರೆದಿದ್ದಾನೆ. ಕುಲೀನರ ಕಣ್ಣಿಗೆ ಹಕ್ಕಿಯ ನಾಯಿ ಆಗ ಎರಡನೆಯ ದರ್ಜೆಯದು.

ಬಲೆಯ ನಾಯಿಯ ಕೆಲಸವನ್ನು ಕಣ್ಣಿಗೆ ಕಟ್ಟುವಂತೆ ಬರೆದವನು ಇಂಗ್ಲೆಂಡಿನ ವೈದ್ಯ ಜಾನ್ ಕೀಸ್. ರಾಜ ಆಸ್ಥಾನದ ಈ ವೈದ್ಯ ಸ್ವಿಟ್ಜರ್ಲೆಂಡಿನ ಪ್ರಾಣಿಶಾಸ್ತ್ರಜ್ಞ ಕಾನ್ರಾಡ್ ಗೆಸ್ನರ್‌ಗಾಗಿ ಬ್ರಿಟಿಷ್ ನಾಯಿಗಳ ಬಗ್ಗೆ ಲ್ಯಾಟಿನ್‌ನಲ್ಲಿ ಒಂದು ಚಿಕ್ಕ ಪುಸ್ತಕ ಬರೆದ. ಅದು 1570ರಲ್ಲಿ ಅಚ್ಚಾಯಿತು, 1576ರಲ್ಲಿ ಇಂಗ್ಲಿಷಿಗೆ ಬಂತು. ಅವನ ವಿವರಣೆಯ ಪ್ರಕಾರ ಈ ನಾಯಿ ಕಾಲಿನ ಸದ್ದಾಗಲಿ ಬಾಯಿಯ ಸದ್ದಾಗಲಿ ಮಾಡದೆ ಒಡೆಯನ ಸನ್ನೆಯಂತೆ ಅತ್ತಿತ್ತ ಹುಡುಕುತ್ತದೆ. ಹಕ್ಕಿ ಇರುವ ಜಾಗ ತಿಳಿದ ಮೇಲೆ ಹೊಟ್ಟೆಯನ್ನು ನೆಲಕ್ಕೆ ತಾಗಿಸಿ ಹುಳುವಿನಂತೆ ತೆವಳುತ್ತದೆ, ಹತ್ತಿರವಾದಾಗ ಮಲಗಿ ಮುಂಗಾಲಿನಿಂದ ಜಾಗ ತೋರಿಸುತ್ತದೆ. ಬೇಟೆಗಾರ ಬಲೆ ಹರಡುತ್ತಾನೆ. ಆಮೇಲೆ ಸನ್ನೆ ಸಿಕ್ಕಿದ ನಾಯಿ ಎದ್ದು ಮುಂದೆ ಹೋಗುತ್ತದೆ, ಎದ್ದ ಹಕ್ಕಿಗಳು ಬಲೆಗೆ ಬೀಳುತ್ತವೆ. ಮುಂದೆ ಇದು ಇನ್ನಷ್ಟು ಚುರುಕಾಯಿತು. ಇಬ್ಬರು ಬಲೆಯ ಎರಡು ತುದಿ ಹಿಡಿದು ಮಲಗಿದ ನಾಯಿಯ ಮೇಲಿಂದಲೇ ಎಳೆದುಕೊಂಡು ಹೋಗಿ ಹಕ್ಕಿಯ ಹಿಂಡಿನ ಮೇಲೆ ಹಾಕುತ್ತಿದ್ದರು. ನಾಯಿ ನಿಂತಿದ್ದರೆ ಬಲೆ ಅದರ ಬೆನ್ನಿಗೆ ಸಿಕ್ಕಿಕೊಳ್ಳುತ್ತದೆ. ಮಲಗುವ ನಾಯಿಗೇ ಬೆಲೆ ಬಂದದ್ದು ಈ ಸರಳ ಕಾರಣಕ್ಕೆ. ಈ ನಾಯಿಯ ವಂಶದ ಇಂದಿನ ಸೆಟರ್ ತಳಿಗಳಲ್ಲಿ ಕೆಲವು ನಾಯಿಗಳು ಈಗಲೂ ಹಕ್ಕಿಯ ಮುಂದೆ ಮೈ ತಗ್ಗಿಸಿ ಕುಸಿಯುತ್ತವೆ. ಬಲೆ ಹೋಗಿ ಎಷ್ಟೋ ಕಾಲವಾದರೂ ಆ ಅಭ್ಯಾಸದ ಗುರುತು ಮೈಯಲ್ಲಿ ಉಳಿದಿದೆ.

ಇಂಥ ನಾಯಿಯನ್ನು ತಿದ್ದುವ ಕ್ರಮವನ್ನು ಜರ್ವೇಸ್ ಮಾರ್ಕಮ್ 1621ರಲ್ಲಿ ಹಕ್ಕಿ ಹಿಡಿಯುವ ವಿದ್ಯೆಯ ಪುಸ್ತಕದಲ್ಲಿ ಬರೆದ. ಕೃಷಿ, ಕುದುರೆ, ಅಡುಗೆ ಎಂದು ಕಂಡದ್ದೆಲ್ಲದರ ಬಗ್ಗೆ ಪುಸ್ತಕ ಹೊಸೆದ ಲೇಖಕನಾದರೂ ನಾಯಿಯ ವಿಷಯದಲ್ಲಿ ಅವನ ಮಾತು ತೂಕದ್ದು. ಮರಿಗೆ ಒಡೆಯನ ಮೇಲೆ ಪ್ರೀತಿಯೂ ಇರಬೇಕು, ಅಂಜಿಕೆಯೂ ಇರಬೇಕು. ಮಾತಿಗೆ ಮಲಗುವುದು, ಹಗ್ಗ ಹಿಡಿದು ಜೊತೆಗೆ ನಡೆಯುವುದು ಇವೆಲ್ಲ ಮನೆಯಂಗಳದಲ್ಲಿ ಗಟ್ಟಿಯಾದ ಮೇಲೆಯೇ ಹೊಲದ ಮಾತು. ಈ ಕ್ರಮ ಇಂದಿಗೂ ಹೆಚ್ಚು ಬದಲಾಗಿಲ್ಲ.

ಬಲೆಯ ತೊಂದರೆಯೆಂದರೆ ಅದು ಇಡೀ ಹಿಂಡನ್ನು ಒಂದೇ ಸಲಕ್ಕೆ ಬಾಚಿಕೊಳ್ಳುತ್ತದೆ. ಸದ್ದೂ ಇಲ್ಲ. ರಾತ್ರಿ ಕದ್ದು ಬೇಟೆಯಾಡುವವನಿಗೆ ಬೊಗಳದ ನಾಯಿ ಮತ್ತು ಒಂದು ಬಲೆ ಇದ್ದರೆ ಸಾಕು. ಜಮೀನುದಾರರ ಪಾರ್ಲಿಮೆಂಟು ಇದನ್ನು ಸಹಿಸಲಿಲ್ಲ. 1671ರ ಕಾಯಿದೆ ವರ್ಷಕ್ಕೆ 100 ಪೌಂಡ್ ಹುಟ್ಟುವಳಿಯ ಸ್ವಂತ ಜಮೀನು ಅಥವಾ 150 ಪೌಂಡಿನ ದೀರ್ಘ ಗೇಣಿಯ ಜಮೀನು ಇರುವವರಿಗೆ, ಜೊತೆಗೆ ಮೇಲ್ದರ್ಜೆಯವರ ಹಿರಿಯ ಮಕ್ಕಳಿಗೆ ಮಾತ್ರ ಬೇಟೆಯ ಹಕ್ಕನ್ನು ಉಳಿಸಿತು. ಜಮೀನಿನ ಕಾವಲುಗಾರರು ಉಳಿದವರ ಮನೆ ಹೊಕ್ಕು ಕೋವಿ, ಬಲೆ, ಹಕ್ಕಿ ತೋರಿಸುವ ನಾಯಿ ಎಲ್ಲವನ್ನೂ ಕಿತ್ತುಕೊಳ್ಳಬಹುದಾಗಿತ್ತು. ತನ್ನ ಹೊಲದ ಕಾಳು ತಿಂದು ಕೊಬ್ಬಿದ ಕೌಜುಗವನ್ನು ಸಣ್ಣ ರೈತ ಮುಟ್ಟುವಂತಿಲ್ಲ, ಮುಟ್ಟಬಲ್ಲ ನಾಯಿಯನ್ನು ಸಾಕುವಂತೆಯೂ ಇಲ್ಲ. ಫೆಬೂಸ್ ಕೀಳಾಗಿ ಕಂಡ ನಾಯಿ ಮೂರು ಶತಮಾನಗಳಲ್ಲಿ ಅಂತಸ್ತಿನ ಗುರುತಾಯಿತು.

ನಾಯಿಯನ್ನು ಎದ್ದು ನಿಲ್ಲಿಸಿದ್ದು ಕೋವಿ. ಬತ್ತಿ ಹಚ್ಚಿ ಹೊಡೆಯುವ ಹಳೆಯ ಕೋವಿ ಹಾರುವ ಹಕ್ಕಿಗೆ ಉಪಯೋಗವಿಲ್ಲ. ಬೇಟೆಗಾರ ಕೂತ ಹಕ್ಕಿಗೆ ಹೊಂಚಿ ಹೊಡೆಯುತ್ತಿದ್ದ. 17ನೆಯ ಶತಮಾನದ ಮೊದಲ ಭಾಗದಲ್ಲಿ ಫ್ರಾನ್ಸಿನಲ್ಲಿ ಚಕಮಕಿ ಕಲ್ಲಿನ ಕೋವಿ ಸುಧಾರಿಸಿತು, ಒಂದು ಗುಂಡಿನ ಬದಲು ಸಣ್ಣ ಚರೆಯ ಈಡು ಬಳಕೆಗೆ ಬಂತು. ಹಾರುವಾಗ ಹೊಡೆಯುವುದು ಸಾಧ್ಯವಾದದ್ದೇ ತಡ, ಅದು ಕಲೆಯೆನಿಸಿತು, ಕೂತದ್ದಕ್ಕೆ ಹೊಡೆಯುವುದು ಅವಮಾನವೆನಿಸಿತು. 1660ರಲ್ಲಿ ಎರಡನೆಯ ಚಾರ್ಲ್ಸ್ ಪಟ್ಟಕ್ಕೆ ಬಂದಾಗ ಫ್ರಾನ್ಸಿನಲ್ಲಿ ಆಶ್ರಯ ಪಡೆದಿದ್ದ ಅವನ ಕಡೆಯವರು ಈ ಅಭ್ಯಾಸವನ್ನು ಇಂಗ್ಲೆಂಡಿಗೆ ತಂದರು. ಈಗ ಬೇಕಾದದ್ದು ದೂರದಿಂದ ಕಾಣುವಂತೆ ಎತ್ತರವಾಗಿ ನಿಲ್ಲುವ, ಬೇಟೆಗಾರ ನಡೆದು ಬರುವವರೆಗೆ ಅಲುಗದ ನಾಯಿ. ಫ್ರಾನ್ಸಿನ ಚಿತ್ರಕಾರ ದೆಪೋರ್ತ್ 1702ರಲ್ಲಿ ಹದಿನಾಲ್ಕನೆಯ ಲೂಯಿಯ ಬಾನ್, ನಾನ್, ಪಾನ್ ಎಂಬ ಮೂರು ಹೆಣ್ಣುನಾಯಿಗಳನ್ನು ಕೌಜುಗಗಳ ಮುಂದೆ ನಿಲ್ಲಿಸಿ ಚಿತ್ರ ಬರೆದಿದ್ದಾನೆ. ದೊರೆಯ ಮಂತ್ರಿಗಳ ಚಿತ್ರಗಳಿಗಿದ್ದಷ್ಟೇ ಗಂಭೀರ ಶ್ರದ್ಧೆ ಅದರಲ್ಲಿದೆ.

ಇಂಗ್ಲೆಂಡಿಗೆ ಪಾಯಿಂಟರ್ ಬಂದದ್ದು ಸ್ಪೇನಿನ ಪಟ್ಟದ ಯುದ್ಧದ ಕಾಲದಲ್ಲಿ, 1713ರ ಉಟ್ರೆಕ್ಟ್ ಒಪ್ಪಂದದ ಆಸುಪಾಸಿನಲ್ಲಿ ಮರಳಿದ ಸೇನಾಧಿಕಾರಿಗಳ ಜೊತೆಗೆ ಎಂಬುದು ಬಹುಮಟ್ಟಿಗೆ ಒಪ್ಪಿತವಾದ ಮಾತು. ಫ್ರಾನ್ಸ್, ಇಟಲಿಗಳಿಂದಲೂ ಬಂದಿರಬಹುದು. ಸ್ಪೇನಿನ ಆ ನಾಯಿ ಹೇಗಿತ್ತೆಂದು ತಿಳಿಯಲು ಜಾರ್ಜ್ ಸ್ಟಬ್ಸ್ 1766ರಲ್ಲಿ ಬರೆದ ಚಿತ್ರ ಸಾಕು: ದಪ್ಪ ತಲೆ, ಭಾರದ ಮೈ, ದೊಡ್ಡ ಮೂಗು, ಅವಸರವೇ ಗೊತ್ತಿಲ್ಲದ ನಿಲುವು. ಆ ಕಾಲದ ಕೋವಿಗೆ ಇಂಥ ಮಂದಗತಿಯೇ ಹೊಂದುತ್ತಿತ್ತು. ಒಂದು ಈಡು ಹಾರಿದ ಮೇಲೆ ನಳಿಗೆಯ ಬಾಯಿಗೆ ಮದ್ದು ಸುರಿಯಬೇಕು, ಮುದ್ದೆ ತುರುಕಿ ಗಜದಿಂದ ಜಡಿಯಬೇಕು, ಚರೆ ಸುರಿದು ಮತ್ತೊಂದು ಮುದ್ದೆ ಜಡಿಯಬೇಕು, ಬಟ್ಟಲಿಗೆ ಸಣ್ಣ ಮದ್ದು ಹಾಕಿ ಮುಚ್ಚಬೇಕು. ಅಷ್ಟರಲ್ಲಿ ನಾಯಿ ಮುಂದೆ ನುಗ್ಗಿ ಹಿಂಡಿನಲ್ಲಿ ಉಳಿದ ಹಕ್ಕಿಯನ್ನು ಎಬ್ಬಿಸಿದರೆ ಬರಿಗೈಯಲ್ಲಿ ನೋಡುತ್ತ ನಿಲ್ಲಬೇಕಾದೀತು. ಅದಕ್ಕಾಗಿ ಎಳೆಯ ನಾಯಿಗೆ ಹೊಸದೊಂದು ಪಾಠ ಸೇರಿಕೊಂಡಿತು: ಕೋವಿಯ ಸದ್ದು ಕೇಳಿದ್ದೇ ತಡ ಇದ್ದಲ್ಲೇ ಮಲಗಬೇಕು, ಮತ್ತೆ ಈಡು ತುಂಬಿ ಒಡೆಯ ಕರೆಯುವವರೆಗೆ ಏಳಬಾರದು. ಬಲೆಯ ಕಾಲದ ಮಲಗುವಿಕೆ ಹಕ್ಕಿ ಏಳುವ ಮುಂಚಿನದು, ಇದು ಹಕ್ಕಿ ಎದ್ದ ಮೇಲಿನದು.

ಚಕಮಕಿ ಕೋವಿಗೆ ಇನ್ನೊಂದು ಕಾಟವಿತ್ತು. ಬಟ್ಟಲಿನ ಮದ್ದು ಭುಗ್ಗೆಂದ ಮೇಲೆ ಒಳಗಿನ ಈಡು ಹಾರುವುದಕ್ಕೆ ಒಂದು ಚೂರು ತಡ, ಆ ಹೊಗೆ ಮತ್ತು ಬೆಳಕಿಗೆ ಹಕ್ಕಿ ಎಚ್ಚರಗೊಳ್ಳುತ್ತಿತ್ತು. ಇದರಿಂದ ರೋಸಿಹೋದ ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸೈತ್ 1807ರಲ್ಲಿ ಪೆಟ್ಟಿಗೆ ಹತ್ತುವ ಮದ್ದಿನ ಪೇಟೆಂಟ್ ಪಡೆದ. ಮಲೆನಾಡಿನವರಿಗೆ ಚೆನ್ನಾಗಿ ಗೊತ್ತಿರುವ ಕೇಪಿನ ಕೋವಿ ಆ ದಾರಿಯಲ್ಲಿ ಹುಟ್ಟಿದ್ದು. ಜಗತ್ತಿನ ಯುದ್ಧಗಳನ್ನು ಬದಲಿಸಿದ ಒಂದು ಉಪಾಯದ ಹಿಂದೆ ಹಕ್ಕಿ ತಪ್ಪಿಸಿಕೊಂಡ ಸಿಟ್ಟು ಇತ್ತು.

ಕೋವಿ ಚುರುಕಾದಂತೆ ನಾಯಿಯೂ ಚುರುಕಾಗಬೇಕಾಯಿತು. ಸ್ಪೇನಿನ ಭಾರದ ನಾಯಿಗೆ ಇಂಗ್ಲಿಷರು ನರಿಬೇಟೆಯ ಫಾಕ್ಸ್‌ಹೌಂಡ್ ರಕ್ತ ಬೆರೆಸಿದರು. ವೇಗ, ಕಸುವು ಬಂದವು, ಜೊತೆಗೆ ಹಠವೂ ಬಂತು. ಯಾರ್ಕ್‌ಶೈರಿನ ಕರ್ನಲ್ ಥಾಮಸ್ ಥಾರ್ನ್‌ಟನ್‌ನ ‘ಡ್ಯಾಶ್’ ಎಂಬ ಬೆರಕೆ ನಾಯಿ ಅದರ ಕಾಲದ ಅದ್ಭುತವೆನಿಸಿತ್ತು. ಅದು ಮಾರಾಟವಾದದ್ದು 160 ಪೌಂಡ್ ಬೆಲೆಯ ಶಾಂಪೇನ್ ಮತ್ತು ಬರ್ಗಂಡಿ, ಒಂದು ಪೀಪಾಯಿ ಕ್ಲ್ಯಾರೆಟ್, ಒಂದು ಅಂದದ ಕೋವಿ, ಮೇಲೊಂದು ಪಾಯಿಂಟರ್‌ಗೆ ಎಂದು 1801ರ ಸುಮಾರಿಗೆ ಪ್ರಕಟವಾದ ಪಾದ್ರಿ ಡೇನಿಯಲ್‌ನ ಗ್ರಾಮೀಣ ಕ್ರೀಡೆಗಳ ಗ್ರಂಥ ದಾಖಲಿಸುತ್ತದೆ. ನಾಯಿಗೆ ಏನಾದರೂ ಆಗಿ ಕೆಲಸಕ್ಕೆ ಬಾರದಾದರೆ 50 ಗಿನಿಗೆ ವಾಪಸು ಕೊಡಬೇಕೆಂಬ ಕರಾರೂ ಇತ್ತಂತೆ. ತಳಿಗೆ ಬಿಡುವುದಕ್ಕಾದರೂ ಆಯಿತು ಎಂಬ ಲೆಕ್ಕ.

ಈ ಬೇಟೆಯ ಸುಗ್ಗಿಕಾಲ 18ನೆಯ ಶತಮಾನದ ಕೊನೆ ಮತ್ತು 19ನೆಯದರ ಮೊದಲರ್ಧ. ಅದಕ್ಕೆ ಕಾರಣ ಹುಡುಕಿದರೆ ಕುಡುಗೋಲಿನವರೆಗೆ ಹೋಗಬೇಕು. ಇಂಗ್ಲೆಂಡಿನಲ್ಲಿ ಗೋಧಿಯನ್ನು ಕುಡುಗೋಲಿನಿಂದ ಕೊಯ್ಯುವಾಗ ಮೊಣಕಾಲೆತ್ತರದ ಕೂಳೆ ಉಳಿಯುತ್ತಿತ್ತು, ನಡುವೆ ಕಳೆಯೂ ಇರುತ್ತಿತ್ತು. ಸೆಪ್ಟೆಂಬರಿನ ಕೌಜುಗಕ್ಕೆ ಅದಕ್ಕಿಂತ ಒಳ್ಳೆಯ ಮರೆಯಿಲ್ಲ. ನಾಯಿ ಬಂದರೆ ಅಲ್ಲೇ ಒತ್ತಿ ಕೂರುತ್ತಿತ್ತು. ಮುಂದೆ ಉದ್ದ ಹಿಡಿಯ ಕುಡುಗೋಲು, ಆಮೇಲೆ ಕುದುರೆ ಎಳೆಯುವ ಕೊಯ್ಲಿನ ಯಂತ್ರ ಬಂದು ಕೂಳೆ ನೆಲಮಟ್ಟಕ್ಕೆ ಇಳಿಯಿತು. ಮರೆಯಿಲ್ಲದ ಹಕ್ಕಿ ಕೂರುವುದನ್ನು ಬಿಟ್ಟು ಓಡಲು, ದೂರದಿಂದಲೇ ಹಾರಲು ಕಲಿಯಿತು. ಎಂಥ ಮೂಗಿನ ನಾಯಿಯಾದರೂ ಕೂರದ ಹಕ್ಕಿಯ ಮುಂದೆ ಏನು ಮಾಡೀತು? ತಗ್ಗು ಸೀಮೆಯ ಹೊಲಗಳಲ್ಲಿ ಪಾಯಿಂಟರ್ ಕ್ರಮೇಣ ಕೆಲಸ ಕಳೆದುಕೊಂಡಿತು. ಉತ್ತರ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿನ ಗುಡ್ಡಗಳಲ್ಲಿ ಹೆದರ್ ಪೊದೆಯ ಹೊದಿಕೆ ಹಾಗೇ ಉಳಿದಿತ್ತು, ಅಲ್ಲಿನ ಗ್ರೌಸ್ ನಾಯಿಗೆ ಮರ್ಯಾದೆ ಕೊಡುತ್ತಿತ್ತು. 1773ರ ಕಾಯಿದೆಯಿಂದ ಗ್ರೌಸ್ ಬೇಟೆ ಆಗಸ್ಟ್ 12ರಿಂದ ಡಿಸೆಂಬರ್ 10ರವರೆಗೆ ಎಂದು ಗೊತ್ತಾಗಿತ್ತು. ಆ ಹನ್ನೆರಡನೆಯ ತಾರೀಕು ಶ್ರೀಮಂತರ ಪಂಚಾಂಗದಲ್ಲಿ ಹಬ್ಬದ ದಿನವಾಯಿತು. 1831ರ ಕಾಯಿದೆ ಜಮೀನಿನ ಅರ್ಹತೆಯನ್ನು ತೆಗೆದು ಹಣ ಕಟ್ಟಿ ಪರವಾನಗಿ ಪಡೆಯುವ ಕ್ರಮ ತಂದ ಮೇಲೆ ಊರಿನ ವ್ಯಾಪಾರಿಗಳೂ ಗುಡ್ಡ ಹತ್ತಿದರು. ಚಳಿ, ಒದ್ದೆ, ಮುಳ್ಳಿಗೆ ಹೆಚ್ಚು ತಾಳುವ ಉದ್ದ ಕೂದಲಿನ ಸೆಟರ್ ಅಲ್ಲಿ ನೆಲೆಯಾಯಿತು. ಗಾರ್ಡನ್ ಡ್ಯೂಕ್ ಮನೆತನದ ಕಪ್ಪು-ಕಂದು ನಾಯಿ, ಐರ್ಲೆಂಡಿನ ಕೆಂಪು ನಾಯಿ, ಎಡ್ವರ್ಡ್ ಲಾವೆರಾಕ್ 1825ರಿಂದ ಒಂದು ಜೋಡಿಯಿಂದ ಬೆಳೆಸಿದೆನೆಂದು ಹೇಳಿಕೊಂಡ ಚುಕ್ಕೆಮೈಯ ಇಂಗ್ಲಿಷ್ ಸೆಟರ್ ಈ ಕಾಲದ ಕೊಡುಗೆ. ಒಂದೇ ಜೋಡಿಯ ಸಂತತಿ ಹೊರಗಿನ ರಕ್ತವಿಲ್ಲದೆ ಅರ್ಧ ಶತಮಾನ ಬಾಳಿತೆಂಬ ಅವನ ಮಾತನ್ನು ಆಗಲೇ ಹಲವರು ನಂಬಲಿಲ್ಲ. ನಂಬುವುದು ಕಷ್ಟವೇ.

ಎಳೆಯ ನಾಯಿಯ ಶಿಕ್ಷಣ ಆಗ ದೊಡ್ಡ ಜಮೀನುಗಳ ಕಾವಲುಗಾರರ, ಅದರಲ್ಲೇ ಹೊಟ್ಟೆ ಹೊರೆಯುವ ವೃತ್ತಿಗಾರರ ಕೈಯಲ್ಲಿತ್ತು. ಅವರಲ್ಲಿ ಬಹುಪಾಲಿನವರ ಗುರು ಚಾಟಿ. ಕುತ್ತಿಗೆಗೆ ಮೊಳೆಪಟ್ಟಿ, ಮೂತಿ ನೆಲಕ್ಕೆ ತಾಗದಂತೆ ದವಡೆಯಡಿ ಕಟ್ಟುವ ಮರದ ಕಡ್ಡಿ ಇವೂ ಬಳಕೆಯಲ್ಲಿದ್ದವು. 1848ರಲ್ಲಿ ಹಚಿನ್‌ಸನ್ ಎಂಬ ಸೇನಾಧಿಕಾರಿಯ ಪುಸ್ತಕ ಇದಕ್ಕೆ ಎದುರು ನಿಂತಿತು. ಹೊಡೆತದಿಂದ ನಾಯಿ ಕಲಿಯುವುದು ಅಂಜುವುದನ್ನು ಮಾತ್ರ, ತಿನಿಸು ಮತ್ತು ತಾಳ್ಮೆ ಇದ್ದರೆ ಅರ್ಧ ಪಾಠ ಮನೆಯ ಕೋಣೆಯಲ್ಲೇ ಮುಗಿಯುತ್ತದೆ ಎಂಬುದು ಅವನ ವಾದ. ರೊಟ್ಟಿಯ ಚೂರನ್ನು ಮುಂದಿಟ್ಟು ‘ಟೋಹೋ’ ಎಂದಾಗ ಮುಟ್ಟದೆ ನಿಲ್ಲಬೇಕು, ಅಪ್ಪಣೆಯಾದಾಗ ತಿನ್ನಬೇಕು. ಕೈ ಎತ್ತಿದರೆ ಮಲಗಬೇಕು, ಎಡಕ್ಕೆ ಬೀಸಿದರೆ ಎಡಕ್ಕೆ ಹೋಗಬೇಕು. ಹಕ್ಕಿಯ ಗಾಳಿ ಸೋಕುವ ಮುಂಚೆಯೇ ಮರಿಗೆ ಇಷ್ಟು ಬಂದಿರಬೇಕು.

ಹೊಲದ ಪಾಠ ಶುರುವಾಗುತ್ತಿದ್ದದ್ದು ಬೇಟೆಯ ಕಾಲದಲ್ಲಲ್ಲ, ಅದು ಮುಗಿದ ಮೇಲೆ, ಫೆಬ್ರುವರಿ-ಮಾರ್ಚ್‌ನಲ್ಲಿ. ಆಗ ಕೌಜುಗಗಳು ಜೋಡಿಯಾಗಿರುತ್ತವೆ, ಎಳೆಯ ಗೋಧಿ ಪೈರಿನಲ್ಲಿ ಬಿಗಿಯಾಗಿ ಕೂರುತ್ತವೆ. ಕೋವಿಯ ಗಡಿಬಿಡಿಯಿಲ್ಲದೆ ನಾಯಿಯ ಮೇಲೆ ಪೂರ್ತಿ ಗಮನವಿಡಬಹುದು. ಕಲಿಸುವವನು ಗಾಳಿಗೆ ಎದುರಾಗಿ ನಡೆಯುತ್ತಾನೆ. ಮರಿಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಅಡ್ಡಡ್ಡ ಓಡಿಸುತ್ತ, ಒಂದು ಅಡಿ ನೆಲವೂ ಹುಡುಕದೆ ಉಳಿಯದಂತೆ, ಹುಡುಕಿದ್ದನ್ನೇ ಮತ್ತೆ ಹುಡುಕದಂತೆ ನೋಡಿಕೊಳ್ಳುತ್ತಾನೆ. ಮರಿಯ ಕೊರಳಿನಿಂದ ಉದ್ದನೆಯ ಹಗ್ಗವೊಂದು ನೆಲದ ಮೇಲೆ ಎಳೆದುಕೊಂಡು ಬರುತ್ತಿರುತ್ತದೆ. ವಾಸನೆ ಹತ್ತಿದಾಗ ಮರಿಯ ಓಟ ತಟ್ಟನೆ ಮುದುಡುತ್ತದೆ, ತಲೆ ಗಾಳಿಯತ್ತ ತಿರುಗುತ್ತದೆ, ನಿಲ್ಲುತ್ತದೆ. ಒಳಗೆ ನಡುಕ, ಬಾಯಲ್ಲಿ ಜೊಲ್ಲು. ಕಲಿಸುವವನು ಓಡುವುದಿಲ್ಲ, ಕೂಗುವುದಿಲ್ಲ. ಸುಮ್ಮನೆ ಹೋಗಿ ಹಗ್ಗದ ತುದಿಯನ್ನು ಮೆಟ್ಟಿ, ಬಗ್ಗಿ ಮರಿಯ ಬೆನ್ನು ಸವರುತ್ತ ನಿಲ್ಲುತ್ತಾನೆ. ಹಕ್ಕಿ ಚಿಮ್ಮಿದಾಗ ಮರಿಯೂ ಚಿಮ್ಮುತ್ತದೆ, ಹಗ್ಗ ಬಿಗಿಯುತ್ತದೆ, ಮರಿ ಮಗುಚಿ ಬೀಳುತ್ತದೆ. ಆಗ ಬೈಗುಳವಿಲ್ಲ, ಅದನ್ನು ಮೊದಲು ನಿಂತ ಜಾಗಕ್ಕೇ ತಂದು ಮಲಗಿಸುವುದಷ್ಟೇ. ಹೀಗೆ ದಿನಗಟ್ಟಲೆ.

ಕೆಡುವ ದಾರಿಗಳೂ ಬಹಳ. ಮೊಲದ ಹಿಂದೆ ಒಮ್ಮೆ ಓಡಿ ಸುಖ ಕಂಡ ಮರಿಯನ್ನು ತಿರುಗಿಸುವುದು ಕಷ್ಟ. ತೀರ ಹತ್ತಿರದಲ್ಲಿ ಕೋವಿ ಹಾರಿಸಿದರೆ ಸದ್ದಿಗೆ ಬೆದರಿ ಮನೆಯತ್ತ ಓಟ ಕೀಳುತ್ತದೆ, ಬೆದರಿದ ನಾಯಿ ಹಲವು ಸಲ ಮರಳಿ ಸರಿಹೋಗುವುದೇ ಇಲ್ಲ. ಎಲ್ಲಕ್ಕಿಂತ ಕೆಟ್ಟದ್ದು ಹಕ್ಕಿಯ ಮುಂದೆ ಏಟು ತಿಂದ ನಾಯಿಯ ಗತಿ. ಹಕ್ಕಿಯ ವಾಸನೆಗೂ ಏಟಿಗೂ ಅದು ಗಂಟು ಹಾಕಿಕೊಳ್ಳುತ್ತದೆ, ಮುಂದೆ ವಾಸನೆ ಬಂದರೂ ಬಾರದಂತೆ ಮುಖ ತಿರುಗಿಸಿ ಆಚೆ ಹೋಗುತ್ತದೆ. ಈ ದೋಷ ಹುಟ್ಟಿನದಲ್ಲ, ಕಲಿಸುವವನ ಕೈಯದು ಎಂಬುದರಲ್ಲಿ ಹಳೆಯ ಪುಸ್ತಕಗಳೆಲ್ಲ ಒಮ್ಮತ. ಪಳಗಿದ ನಾಯಿಯ ಜೊತೆ ಮರಿಯನ್ನು ಬಿಡುವುದೂ ರೂಢಿಯಲ್ಲಿತ್ತು. ಹಿರಿಯದು ನಿಂತಾಗ ಕಿರಿಯದು ಹಿಂದೆಯೇ ನಿಂತು ಗೌರವ ತೋರಬೇಕು, ಮುಂದೆ ಹೋಗಿ ಕದಿಯಬಾರದು. ಆದರೆ ಇದನ್ನು ಅತಿಯಾಗಿ ಮಾಡಿದರೆ ಮರಿ ಸ್ವಂತ ಮೂಗನ್ನು ಬಿಟ್ಟು ಹಿರಿಯದರ ಬಾಲವನ್ನೇ ನೋಡುತ್ತ ಓಡುತ್ತದೆ.

ಇಷ್ಟು ಹದಗೊಂಡ ವಿದ್ಯೆಗೆ 1850ರ ನಂತರ ಮೂರು ಕಡೆಯಿಂದ ಹೊಡೆತ ಬಿತ್ತು. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಫ್ರಾನ್ಸಿನ ತೋಟಾ ಕೋವಿ ಕಾಣಿಸಿಕೊಂಡಿತು. ನಳಿಗೆ ಮುರಿದು ತೋಟಾ ಇಟ್ಟರೆ ಮುಗಿಯಿತು. ರೈಲು ಸ್ಕಾಟ್ಲೆಂಡನ್ನು ಲಂಡನ್ನಿನಿಂದ ಒಂದು ರಾತ್ರಿಯ ದೂರಕ್ಕೆ ತಂದಿತು. ಮತ್ತು ಹಕ್ಕಿಯ ಹತ್ತಿರ ಹೋಗುವ ಬದಲು ಹಕ್ಕಿಯನ್ನೇ ತಮ್ಮತ್ತ ಸೋವಿ ತರಿಸುವ ಪದ್ಧತಿ ಬೇರೂರಿತು. ಸಾಲಾಗಿ ಕಟ್ಟಿದ ಮರೆಗಳ ಹಿಂದೆ ಕೋವಿಗಾರರು ನಿಲ್ಲುತ್ತಾರೆ, ಸೋವುವ ಆಳುಗಳು ಬಾವುಟ ಬೀಸುತ್ತ ಗುಡ್ಡವನ್ನು ಗುಡಿಸಿಕೊಂಡು ಬರುತ್ತಾರೆ, ಹಕ್ಕಿಗಳು ತಲೆಯ ಮೇಲೆ ಹಾರುತ್ತವೆ. ಒಂದು ದಿನದಲ್ಲಿ ಬೀಳುವ ಹಕ್ಕಿ ನೂರುಗಳಲ್ಲಿ, ಕೆಲವೊಮ್ಮೆ ಸಾವಿರಗಳಲ್ಲಿ. ಅಲ್ಲಿ ಹುಡುಕುವ ನಾಯಿಗೆ ಕೆಲಸವಿಲ್ಲ, ಬಿದ್ದದ್ದನ್ನು ಹೆಕ್ಕಿ ತರುವ ರಿಟ್ರೀವರ್‌ಗೆ ಮಾತ್ರ ಇದೆ.

ಹೊಲದಲ್ಲಿ ಕೆಲಸ ತಪ್ಪುತ್ತಿದ್ದ ಹೊತ್ತಿನಲ್ಲೇ ನಾಯಿ ಪಂದ್ಯಕ್ಕೆ ಇಳಿಯಿತು. 1859ರ ಜೂನ್‌ನಲ್ಲಿ ನ್ಯೂಕಾಸಲ್‌ನಲ್ಲಿ ನಡೆದ ಮೊದಲ ವ್ಯವಸ್ಥಿತ ನಾಯಿ ಪ್ರದರ್ಶನದಲ್ಲಿ ಇದ್ದದ್ದು ಪಾಯಿಂಟರ್ ಮತ್ತು ಸೆಟರ್ ಎಂಬ ಎರಡೇ ವರ್ಗ, ಬಹುಮಾನ ಕೋವಿ. ಪಾಯಿಂಟರ್‌ಗಳ ತೀರ್ಪುಗಾರನ ನಾಯಿ ಸೆಟರ್ ವರ್ಗದಲ್ಲೂ ಸೆಟರ್‌ಗಳ ತೀರ್ಪುಗಾರನ ನಾಯಿ ಪಾಯಿಂಟರ್ ವರ್ಗದಲ್ಲೂ ಗೆದ್ದವು ಎಂಬುದು ನಾಯಿಗಳ ಚರಿತ್ರೆಯಲ್ಲಿ ಹಳೆಯ ತಮಾಷೆ. ಬರಿ ಅಂದ ನೋಡಿ ಪ್ರಯೋಜನವಿಲ್ಲ ಎಂದವರು 1865ರ ಏಪ್ರಿಲ್‌ನಲ್ಲಿ ಬೆಡ್‌ಫರ್ಡ್‌ಶೈರಿನ ಸೌತಿಲ್‌ನಲ್ಲಿ ಬಯಲು ಪರೀಕ್ಷೆ ನಡೆಸಿದರು. ಮೂಗಿಗೆ, ವೇಗಕ್ಕೆ, ನಿಲುವಿನ ಗಟ್ಟಿತನಕ್ಕೆ ಬೇರೆ ಬೇರೆ ಅಂಕ. 1873ರಲ್ಲಿ ಕೆನಲ್ ಕ್ಲಬ್ ಹುಟ್ಟಿತು. ಪರೀಕ್ಷೆಯ ಅಂಕಕ್ಕಾಗಿ ಓಡುವ ನಾಯಿ ಊಟಕ್ಕಾಗಿ ಹುಡುಕುವ ನಾಯಿಗಿಂತ ದೂರ ಓಡುತ್ತದೆ, ಚೆಂದವಾಗಿ ನಿಲ್ಲುತ್ತದೆ. ವಯಸ್ಸಾದ ಬೇಟೆಗಾರನಿಗೆ ಅದರ ಹಿಂದೆ ಹೋಗುವುದು ಆಗುವುದಿಲ್ಲ.

ಜರ್ಮನಿಯ ದಾರಿ ಬೇರೆ. 1848ರ ಕ್ರಾಂತಿಯ ನಂತರ ಅಲ್ಲಿ ಬೇಟೆಯ ಹಕ್ಕು ದೊರೆಗಳಿಂದ ಭೂಮಾಲೀಕರಿಗೆ ಬಂತು. ಒಂದೊಂದು ಕೆಲಸಕ್ಕೆ ಒಂದೊಂದು ನಾಯಿ ಸಾಕುವ ತಾಕತ್ತು ಸಣ್ಣ ಜಮೀನುದಾರನಿಗಿಲ್ಲ. ಹಕ್ಕಿ ತೋರಿಸುವುದು, ನೀರಿಗಿಳಿದು ಬಾತು ತರುವುದು, ಗಾಯಗೊಂಡ ಜಿಂಕೆಯ ಜಾಡು ಹಿಡಿಯುವುದು ಎಲ್ಲವನ್ನೂ ಒಂದೇ ನಾಯಿ ಮಾಡಬೇಕು. ಜರ್ಮನ್ ಶಾರ್ಟ್‌ಹೇರ್ಡ್ ಪಾಯಿಂಟರ್ ಈ ಬೇಡಿಕೆಯ ಕೂಸು. ಫ್ರಾನ್ಸಿನ ಬ್ರಿಟನಿಯಲ್ಲಿ ರೈತರ ಪುಟ್ಟ ನಾಯಿ ವುಡ್‌ಕಾಕ್ ಹಕ್ಕಿಯ ಬೇಟೆಗೆ ಹೆಸರಾಯಿತು. ದಟ್ಟ ಪೊದೆಯಲ್ಲಿ ನಾಯಿ ಕಾಣದ ಕಡೆ ಕೊರಳಿಗೆ ಗಂಟೆ ಕಟ್ಟುತ್ತಾರೆ, ಗಂಟೆ ನಿಂತರೆ ನಾಯಿ ನಿಂತ ಹಾಗೆ.

ಅಮೆರಿಕದಲ್ಲಿ ಈ ವಿದ್ಯೆ ಬಾಬ್‌ವೈಟ್ ಎಂಬ ಲಾವಕ್ಕಿಯ ಸುತ್ತ ಬೆಳೆಯಿತು. 1874ರಲ್ಲಿ ಟೆನೆಸಿಯ ಮೆಂಫಿಸ್ ಬಳಿ ಮೊದಲ ಬಯಲು ಪಂದ್ಯ, 1896ರಲ್ಲಿ ಮೊದಲ ರಾಷ್ಟ್ರೀಯ ಚಾಂಪಿಯನ್‌ಶಿಪ್. ಇದು ಈಗ ಟೆನೆಸಿಯ ಗ್ರ್ಯಾಂಡ್ ಜಂಕ್ಷನ್‌ನ ಏಮ್ಸ್ ಪ್ಲಾಂಟೇಶನ್‌ನಲ್ಲಿ ನಡೆಯುತ್ತದೆ. ಪ್ರತಿ ಜೋಡಿ ಮೂರು ಗಂಟೆ ಓಡಬೇಕು, ತೀರ್ಪುಗಾರರು ಕುದುರೆಯ ಮೇಲೆ. ಮೇರಿ ಮಾಂಟ್ರೋಸ್ ಎಂಬ ಹೆಣ್ಣು ಪಾಯಿಂಟರ್ 1917, 1919 ಮತ್ತು 1920ರಲ್ಲಿ ಇದನ್ನು ಗೆದ್ದಿತು. ಈ ವೈಭವದ ಅಡಿಪಾಯ ದಕ್ಷಿಣದ ಬಡತನ ಎಂಬುದನ್ನು ಪಂದ್ಯದ ಚರಿತ್ರೆಗಳು ಸಾಮಾನ್ಯವಾಗಿ ಹೇಳುವುದಿಲ್ಲ. ಅಂತರ್ಯುದ್ಧದ ನಂತರ ಪಾಲಿಗೆ ಉಳುವ ಕುಟುಂಬಗಳು, ಅದರಲ್ಲೂ ಕಪ್ಪು ಜನರು, ಸಣ್ಣ ಸಣ್ಣ ತುಂಡುಗಳಲ್ಲಿ ಮೆಕ್ಕೆಜೋಳ, ಹತ್ತಿ ಬೆಳೆಯುತ್ತಿದ್ದರು. ಕಳೆಯ ಬದುಗಳು, ಬೀಳು ಬಿಟ್ಟ ಮೂಲೆಗಳು, ವರ್ಷವರ್ಷ ಬೆಂಕಿ ಕೊಡುವ ಕಾಡಂಚು ಎಲ್ಲ ಸೇರಿ ಲಾವಕ್ಕಿಗೆ ಸ್ವರ್ಗವಾಗಿತ್ತು. ಜಾರ್ಜಿಯಾ, ಫ್ಲಾರಿಡಾಗಳಲ್ಲಿ ಉತ್ತರದ ಸಿರಿವಂತರು ಆ ಜಮೀನುಗಳನ್ನು ಬೇಟೆಗೆಂದು ಕೊಂಡರು. ನಾಯಿಗಳನ್ನು ಪಳಗಿಸಿದ, ಹೇಸರಗತ್ತೆಯ ಗಾಡಿ ಓಡಿಸಿದ ಕೈಗಳು ಬಹುಪಾಲು ಕಪ್ಪು ಕೆಲಸಗಾರರವು. ಬೆಂಕಿ ನಿಲ್ಲಿಸಿದರೆ ಹಕ್ಕಿ ನಶಿಸುತ್ತದೆ ಎಂದು ಹರ್ಬರ್ಟ್ ಸ್ಟಾಡರ್ಡ್ 1931ರ ತನ್ನ ಗ್ರಂಥದಲ್ಲಿ ವಾದಿಸಿದ. ಸ್ಥಳೀಯರಿಗೆ ಅದು ಮೊದಲೇ ಗೊತ್ತಿದ್ದ ಸಂಗತಿ. ವೃತ್ತಿಪರ ಕಲಿಸುವವರು ಬೇಸಗೆಯಲ್ಲಿ ಎಳೆಯ ನಾಯಿಗಳನ್ನು ತುಂಬಿಕೊಂಡು ಕೆನಡಾದ ಹುಲ್ಲುಗಾವಲಿಗೆ ಹೋಗುವ ರೂಢಿಯೂ ಬೆಳೆಯಿತು. ಅಲ್ಲಿ ತಂಪು, ಮೈಲಿಗಟ್ಟಲೆ ಬಯಲು.

ಭಾರತಕ್ಕೆ ಪಾಯಿಂಟರ್, ಸೆಟರ್‌ಗಳು ಬ್ರಿಟಿಷ್ ಅಧಿಕಾರಿಗಳ ಹಿಂದೆ ಬಂದವು, ನೆಲೆಯೂರಲಿಲ್ಲ. ಬಿಸಿಲು, ಉಣ್ಣಿ, ಮುಳ್ಳು ಅವನ್ನು ಕಂಗೆಡಿಸಿದವು. ಇಲ್ಲಿನ ಕೌಜುಗವಂತೂ ನಿಂತ ನಾಯಿಯ ಮುಂದೆ ಕೂರುವ ಬದಲು ಬೇಲಿಯೊಳಗೆ ನುಸುಳಿ ಓಡುವ ಹಕ್ಕಿ. ಕನ್ನಡ ನಾಡಿನ ಹಕ್ಕಿಬೇಟೆಗೆ ಮೂಗಿನ ನಾಯಿ ಬೇಕಾಗಿರಲೂ ಇಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ 12ನೆಯ ಶತಮಾನದಲ್ಲಿ ಡೇಗೆಯ ಬೇಟೆ, ಲಾವಕ್ಕಿಯ ಕಾಳಗ, ನಾಯಿಗಳ ವಿನೋದ ಎಲ್ಲವನ್ನೂ ಅರಸನ ವಿನೋದಗಳಲ್ಲಿ ಸೇರಿಸಿದೆ. ಹಳ್ಳಿಗಳಲ್ಲಿ ಪಂಜರದ ದೀವದ ಕೌಜುಗವನ್ನು ಕೂಗಿಸಿ, ಕಾಳಗಕ್ಕೆ ಬಂದ ಕಾಡುಹಕ್ಕಿಯನ್ನು ಉರುಳಿಗೆ ಬೀಳಿಸುತ್ತಿದ್ದರು. ಮುಧೋಳದ ನಾಯಿ ಕಣ್ಣಿನಿಂದ ಕಂಡು ಮೊಲದ ಹಿಂದೆ ಓಡುವ ಜಾತಿ, ನಿಲ್ಲುವುದು ಅದರ ಗುಣವಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಗೆ ಕಡಿವಾಣ ಹಾಕಿತು, 1991ರ ತಿದ್ದುಪಡಿ ಉಳಿದಿದ್ದ ಪರವಾನಗಿ ಬೇಟೆಯನ್ನೂ ತೆಗೆದುಹಾಕಿತು.

ಯುರೋಪಿನಲ್ಲಿ ಬೇಟೆಗೆ ಕಾನೂನಿನ ಅಡ್ಡಿ ಅಷ್ಟಿಲ್ಲ, ಹಕ್ಕಿಯೇ ಕರಗಿತು. ಬ್ರಿಟನ್ನಿನ ಬೂದು ಕೌಜುಗ 1960ರ ದಶಕದ ಕೊನೆಯಿಂದ ಶೇ 90ಕ್ಕೂ ಹೆಚ್ಚು ಕುಸಿದಿದೆ. ಡಿಕ್ ಪಾಟ್ಸ್ ಎಂಬ ವಿಜ್ಞಾನಿ 1968ರಿಂದ ಸಸೆಕ್ಸ್‌ನ ಹೊಲಗಳಲ್ಲಿ ನಡೆಸಿದ ಅಧ್ಯಯನ ಇದರ ಕೊಂಡಿಯನ್ನು ಬಿಡಿಸಿತು. ಕಳೆನಾಶಕ ಕಳೆಯನ್ನು ಕೊಂದಿತು, ಕಳೆಯನ್ನು ನೆಚ್ಚಿದ ಹುಳುಗಳು ಹೋದವು, ಹುಟ್ಟಿದ ಮೊದಲ ವಾರಗಳಲ್ಲಿ ಹುಳುವನ್ನೇ ತಿನ್ನಬೇಕಾದ ಮರಿಗಳು ಉಪವಾಸ ಬಿದ್ದವು. ಅಮೆರಿಕದ ಬಾಬ್‌ವೈಟ್ ಕೂಡ ಹೊಲಗಳು ದೊಡ್ಡದಾದಂತೆ ಸೊರಗಿತು.

ನಾಯಿಗೆ ಈಗ ಎರಡು ಕೆಲಸಗಳು ಮರಳಿ ಬಂದಿವೆ. ಸ್ಕಾಟ್ಲೆಂಡಿನ ಗುಡ್ಡಗಳಲ್ಲಿ ಡೇಗೆ ಸಾಕುವವರು ಪಾಯಿಂಟರ್, ಸೆಟರ್‌ಗಳನ್ನು ಮುಂದೆ ಬಿಡುತ್ತಾರೆ. ನಾಯಿ ನಿಂತ ಮೇಲೆ ಡೇಗೆ ಮೇಲೇರುತ್ತದೆ, ಅದು ಎತ್ತರದಲ್ಲಿ ಸುತ್ತುವಾಗ ಗ್ರೌಸ್ ಎಬ್ಬಿಸುತ್ತಾರೆ. ಇನ್ನೊಂದು ಕೆಲಸ ಎಣಿಕೆ. ವಸಂತದಲ್ಲಿ ಜೋಡಿಗಳನ್ನೂ ಜುಲೈನಲ್ಲಿ ಮರಿಗಳನ್ನೂ ಲೆಕ್ಕ ಹಾಕಲು ಗೊತ್ತಾದ ಪಟ್ಟಿಯಷ್ಟು ನೆಲದಲ್ಲಿ ನಾಯಿಯನ್ನು ಅಡ್ಡಡ್ಡ ಓಡಿಸುತ್ತಾರೆ. ಅದು ನಿಂತಾಗ ಹಕ್ಕಿಗಳನ್ನು ಎಬ್ಬಿಸಿ ಗಂಡೆಷ್ಟು, ಹೆಣ್ಣೆಷ್ಟು, ಮರಿಯೆಷ್ಟು ಎಂದು ಬರೆದುಕೊಳ್ಳುತ್ತಾರೆ. ಹಕ್ಕಿ ಎದ್ದಾಗ ಮೇಲೆ ಬೀಳದ, ಮರಿಗಳನ್ನು ಬಾಯಿಗೆ ಹಾಕಿಕೊಳ್ಳದ ನಾಯಿಯೇ ಇದಕ್ಕೆ ಬೇಕು. ಎಣಿಕೆ ತೀರ ಕಡಿಮೆ ಬಂದ ವರ್ಷ ಆ ಗುಡ್ಡದಲ್ಲಿ ಆಗಸ್ಟ್ 12ಕ್ಕೆ ಕೋವಿ ಹಾರುವುದಿಲ್ಲ, ಕಾಯ್ದಿರಿಸಿದ ಬೇಟೆಗಳು ರದ್ದಾಗುತ್ತವೆ.